ಲೆಕ್ಕದ ಪುಸ್ತಕ ಯಾರ ಕೈಲಿ?

(ಸಹಕಾರನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ಹಿರೀಕರು ಲೆಕ್ಕ ಬಾರದವರಲ್ಲ. ಕೂಲಿ ಲೆಕ್ಕವನ್ನು ಬೆರಳ ಗೆಣ್ಣಲ್ಲೇ ಮುಗಿಸುತ್ತಿದ್ದರು. ಆದರೆ ಧಣಿಯ ಪುಸ್ತಕ ಅವರ ಕೈಗೆ ಬರಲಿಲ್ಲ. ಆ ಪುಸ್ತಕದೊಳಗೇ ಬಡ್ಡಿ ಬೆಳೆಯಿತು; ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಂತ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಇವತ್ತು ಪುಸ್ತಕ ನಮ್ಮ ಕೈಲಿದೆ. ಆದರೆ ‘ಮ್ಯಾಥ್ಸು ನಮ್ಮಂಥೋರಿಗಲ್ಲ ಕಣೋ’ ಅಂತ ನಾವೇ ಅದನ್ನು ಕೆಳಗಿಡ್ತಾ ಇದ್ದೀವಿ. ಈ ಮಾತನ್ನು ನಮ್ಮ ಬಾಯಿಗೆ ಹಾಕಿದವರು ಯಾರು?

ಆರ್. ರಾಮಾನುಜಂ ಅಂತ ಒಬ್ಬ ಮೇಷ್ಟ್ರ ವಿಷಯ ಹೇಳ್ತೀನಿ. ಪಠ್ಯದಲ್ಲಿ ಬರುವ ಶ್ರೀನಿವಾಸ ರಾಮಾನುಜನ್ ಅಲ್ಲ, ನಮ್ಮ ಕಾಲದವರು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಕಂಪ್ಯೂಟರ್ ವಿಜ್ಞಾನದ ಸಂಶೋಧನೆ ಮಾಡಿ, ಆಮೇಲೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಬಂದವರು. ಅವರ ಕ್ಷೇತ್ರ ತರ್ಕಶಾಸ್ತ್ರ. ಅದರಲ್ಲೊಂದು ಪ್ರಶ್ನೆ ಹೀಗಿದೆ. ನಾನು ನಿಮಗೆ ಚೀಟಿ ಕಳಿಸಿದೆ. ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ‘ಮುಟ್ಟಿತು’ ಅಂತ ನೀವು ಮರುಚೀಟಿ ಕಳಿಸಿದಿರಿ. ಅದು ನನಗೆ ಮುಟ್ಟಿದ್ದು ನಿಮಗೆ ಗೊತ್ತಿಲ್ಲ. ಎಷ್ಟು ಚೀಟಿ ಓಡಾಡಿದರೂ ಕೊನೆಯ ಚೀಟಿಯ ಅನುಮಾನ ಹೋಗೋದಿಲ್ಲ. ಕಂಪ್ಯೂಟರುಗಳ ನಡುವೆಯೂ ಇದೇ ತೊಡಕು. ಅರ್ಥವಾಯ್ತಲ್ಲ? ಹಾಗಾದರೆ ಗಣಿತ ನಿಮಗೆ ಬರುತ್ತೆ.

ಇಷ್ಟು ಓದಿದವರು ಸಂಸ್ಥೆಯ ಗೋಡೆಯೊಳಗೇ ಕೂರಲಿಲ್ಲ. ತಮಿಳುನಾಡು ವಿಜ್ಞಾನ ವೇದಿಕೆಯ ಜೊತೆ ಶಾಲೆಮಕ್ಕಳ ನಡುವೆ ದುಡಿದರು. ಗಣಿತ ಬೋಧನೆ ಕುರಿತು ಎನ್‌ಸಿಇಆರ್‌ಟಿ ನೇಮಿಸಿದ ತಂಡಕ್ಕೆ ಅವರೇ ಅಧ್ಯಕ್ಷರು. 2006ರಲ್ಲಿ ಅಚ್ಚಾದ ಆ ತಂಡದ ವರದಿ ಮಕ್ಕಳ ಭಯ ಮತ್ತು ಸೋಲಿನ ಭಾವನೆಯನ್ನೇ ಮೊದಲ ಸಮಸ್ಯೆಯಾಗಿ ಎತ್ತಿಕೊಂಡಿತು. ಪರೀಕ್ಷೆಯ ಒರಟುತನವನ್ನೂ ಎತ್ತಿ ತೋರಿಸಿತು. ಅಂದರೆ ಕೊರತೆ ನಿಮ್ಮ ತಲೆಯದ್ದಲ್ಲ, ಕಲಿಸುವ ರೀತಿಯದ್ದು.

ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಗ್ರಂಥ ಪ್ರಕಟಿಸಿದರು. ಧಣಿಯ ಪುಸ್ತಕವಿರಲಿ, ಸಾಮ್ರಾಜ್ಯದ ಲೆಕ್ಕವನ್ನೇ ಬಿಚ್ಚಿ ನೋಡಿದವರು ಅವರು.

ಇಲ್ಲೇ ಪಕ್ಕದ ಯಲಹಂಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತ ಕೇಂದ್ರ ಇದೆ. ಜಕ್ಕೂರಿನಲ್ಲಿ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ ಇದೆ. ಬಸ್ಸಲ್ಲಿ ಹೋಗುವಾಗ ಬೋರ್ಡು ನೋಡಿ ಮುಂದೆ ಹೋಗಬೇಡಿ. ಅಲ್ಲಿ ಸಂಶೋಧನೆಗೆ ಆಯ್ಕೆಯಾದವರಿಗೆ ಶಿಷ್ಯವೇತನವೂ ಇದೆ. ಇಟ್ಟಿಗೆ ಹೊತ್ತವರ ಮಕ್ಕಳು ಕಟ್ಟಡದ ಒಳಗೂ ಹೋಗಬೇಕು.

ಒಳಗೆ ಹೋದವರು ವಾಪಸ್ಸೂ ಬರಬೇಕು. ಈ ಭಾನುವಾರದಿಂದಲೇ ಶುರು ಮಾಡಿ. ಡಿಗ್ರಿಯವರು ಪಿಯುಸಿಯವರಿಗೆ, ಪಿಯುಸಿಯವರು ಹೈಸ್ಕೂಲಿನವರಿಗೆ, ಒಂದು ಗಂಟೆ ಲೆಕ್ಕ. ತಪ್ಪು ಮಾಡಿದವನನ್ನು ನೋಡಿ ಯಾರೂ ನಗಬಾರದು. ಅದೊಂದೇ ನಿಯಮ.

ಜೈಭೀಮ್.