ಕೇಸ್ ಪೇಪರಿನಲ್ಲಿ ಬರೆಯದೆ ಉಳಿದದ್ದು



ಅಥಣಿ, ಕಾಗವಾಡ, ರಾಯಬಾಗ, ಜಮಖಂಡಿಯ ಮನೆಗಳಲ್ಲಿ ಯಾರಿಗಾದರೂ ದೊಡ್ಡ ರೋಗ ಬಂದರೆ ಮೊದಲು ಕೇಳಿಬರುವ ಮಾತು "ಮಿರಜಿಗಿ ಒಯ್ಯೂಣು" ಎಂಬುದು. ಈ ನಂಬಿಕೆಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸು. ಕೆನಡಾ ಮೂಲದ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಮುಂದೆ ಮಿರಜವೇ ಆಸ್ಪತ್ರೆಗಳ ಊರಾಯಿತು. ಇಂದು ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆಯೂ ಅಲ್ಲೇ ಇದೆ. ಮಿರಜ ಇರುವ ಇದೇ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಮನೆಗಳೂ ಅದೇ ದಾರಿ ಹಿಡಿಯುತ್ತವೆ. ಆಪರೇಷನ್ನು, ಕಿಮೋ, ಹಳ್ಳಿಯ ಜನ "ಕರೆಂಟ್ ಕೊಡೂದು" ಎನ್ನುವ ವಿಕಿರಣ ಚಿಕಿತ್ಸೆ, ಇವಕ್ಕೆಲ್ಲ ವ್ಯವಸ್ಥೆಯಿದೆ, ತಾರೀಖಿದೆ, ಬಿಲ್ಲಿದೆ.

ವ್ಯವಸ್ಥೆ ಇಲ್ಲದಿರುವುದು ಆಮೇಲಿನದಕ್ಕೆ.

ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ ದಿನ ಬಂಧುಗಳು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ: ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ. ಕೊನೆಯ ಉಸಿರು ಮನೆಯ ನೆಲದ ಮೇಲೆ, ಮಕ್ಕಳ ಮುಂದೆ ಹೋಗಲಿ ಎಂಬ ಆಸೆ ಅದರ ಹಿಂದಿರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಅದು ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಟ್ಟುಹೋದ ಪ್ರಕರಣ. ಹಾಗೆ ಹೊರಟ ಗಾಡಿಯಲ್ಲಿ ರೋಗಿ ಇರುತ್ತಾನೆ, ಫೈಲು ಇರುತ್ತದೆ, ನೋವಿನ ಔಷಧಿ ಇರುವುದಿಲ್ಲ. ಕ್ಯಾನ್ಸರ್ ರೋಗಿಗಳ ಆರೈಕೆ ಕುರಿತ ಈ ಗೋಷ್ಠಿ ಮೊದಲು ಎದುರಿಸಬೇಕಾದ ಲೋಪ ಇದೇ. ಮನೆಗೆ ಹೋಗುವ ಆಸೆ ತಪ್ಪಲ್ಲ, ಬರಿಗೈಯಲ್ಲಿ ಕಳಿಸುವುದು ತಪ್ಪು.

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂದಿತು, ಸುಮಾರು 9 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಗಂಡಸರಲ್ಲಿ ಬಾಯಿಯ ಕ್ಯಾನ್ಸರೇ ಹೆಚ್ಚು. ನಿಪ್ಪಾಣಿಯ ತಂಬಾಕಿನ ಸೀಮೆಗೆ, ಹೆಂಗಸರು ಬೆಳಿಗ್ಗೆ ಎದ್ದು ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಈ ನಾಡಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಿಯ ಆಚಾರ ವಿಚಾರಗಳನ್ನು ಅರಿತು ಆರೈಕೆ ಮಾಡಬೇಕು ಎಂದಾಗ ಅದು ಸೌಜನ್ಯದ ಮಾತು ಎಂದುಕೊಳ್ಳುವವರು ಹಲವರು. ಅದು ಔಷಧಿಯ ಪ್ರಮಾಣದಷ್ಟೇ ಖಚಿತವಾದ ವೈದ್ಯಕೀಯ ಮಾಹಿತಿ. ಈ ಭಾಗದ ದಿಗಂಬರ ಜೈನ ಮನೆಗಳನ್ನೇ ನೋಡಿ. ವ್ರತಸ್ಥ ಹಿರಿಯಳೊಬ್ಬಳು ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ಇರುವುದು ಸುಮಾರು ನಾಲ್ಕು ಗಂಟೆ. ಸಂಜೆ ಆರಕ್ಕೆ ನುಂಗಿದರೆ ರಾತ್ರಿ ಹತ್ತಕ್ಕೆ ನೋವು ಮತ್ತೆ ಏಳುತ್ತದೆ, ಆಕೆ ಬೆಳಗಾಗುವವರೆಗೆ ಹಲ್ಲು ಕಚ್ಚಿಕೊಂಡು ಮಲಗುತ್ತಾಳೆ. ಮರುದಿನ ಕೇಸ್ ಪೇಪರಿನಲ್ಲಿ ಬೀಳುವ ಸಾಲು: ಔಷಧಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಆದರೆ 12 ಗಂಟೆ ಕೆಲಸ ಮಾಡುವ ಮಾರ್ಫಿನ್ ಮಾತ್ರೆಯೂ ಇದೆ. ಚಳಿಗಾಲದಲ್ಲಿ ಇಲ್ಲಿನ ರಾತ್ರಿ ಸುಮಾರು 13 ಗಂಟೆ. ಸೂರ್ಯೋದಯವಾಗಿ 48 ನಿಮಿಷ ಕಳೆಯುವವರೆಗೆ ಏನೂ ಮುಟ್ಟದ ನೇಮವಿದ್ದರೆ ನಡುವಿನ ಹೊತ್ತು ಇನ್ನೂ ಉದ್ದ. ಅಂಥವರಿಗೆ ಚರ್ಮಕ್ಕೆ ಅಂಟಿಸುವ, ಮೂರು ದಿನ ಬರುವ ಫೆಂಟನಿಲ್ ಪಟ್ಟಿಯನ್ನು ವೈದ್ಯರು ಯೋಚಿಸಬಹುದು. ಅದರ ಬೆಲೆ ಹೆಚ್ಚು ನಿಜ. ಆದರೂ "ರಾತ್ರಿ ಏನು ತಗೋತೀರಿ?" ಎಂದು ಯಾರಾದರೂ ಕೇಳಿದ್ದರೆ ಆಕೆ ಅಷ್ಟು ರಾತ್ರಿ ನರಳಬೇಕಿರಲಿಲ್ಲ.

ಲಿಂಗಾಯತ ರೋಗಿಯ ಕೊರಳಿನ, ಇಷ್ಟಲಿಂಗವಿಟ್ಟ ಕರಡಿಗೆಯ ಮಾತೂ ಹೀಗೆಯೇ. ಎದೆಗೆ ಕರೆಂಟ್ ಕೊಡುವಾಗ ಲೋಹ ಅಡ್ಡ ಬರಬಾರದು, ತೆಗೆಯಲೇಬೇಕು. ತೆಗೆಯಿರಿ ಎಂದು ದೂರದಿಂದ ಗದರುವ ಬದಲು, ಅದನ್ನು ಮನೆಯವರ ಅಂಗೈಗೆ ಒಪ್ಪಿಸಿ, ರೋಗಿ ಮೇಜಿನಿಂದ ಇಳಿದ ಕೂಡಲೇ ಕೊರಳಿಗೆ ಮರಳಿಸಲು ಹೆಚ್ಚು ಸಮಯ ಬೇಕಿಲ್ಲ. ಸಾಯುವವರ ಬಾಯಿಗೆ ತುಳಸಿ ನೀರು ಬಿಡುವ ಮನೆಯವರನ್ನು ತಡೆಯಬೇಕಾಗಿಯೂ ಇಲ್ಲ. ನುಂಗುವ ಶಕ್ತಿ ಹೋದವರಿಗೆ ಚಮಚದಲ್ಲಿ ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಹತ್ತಿಯಲ್ಲಿ ಅದ್ದಿ ತುಟಿ ಒರೆಸಿದರೆ ಒಣಗಿದ ಬಾಯಿಗೆ ತಂಪಾಗುತ್ತದೆ. ಅದನ್ನು ತೋರಿಸಿಕೊಡುವ ನರ್ಸ್ ಶಾಸ್ತ್ರವನ್ನೂ ಉಳಿಸುತ್ತಾಳೆ, ಜೀವದ ನೆಮ್ಮದಿಯನ್ನೂ ಉಳಿಸುತ್ತಾಳೆ.

ಈ ಗೋಷ್ಠಿ ನಡೆದಿರುವ ಕಸಬೆ ಡಿಗ್ರಜದಲ್ಲಿ ನಿಂತು ಅರಿಷಿಣದ ಮಾತು ಬಿಡುವಂತಿಲ್ಲ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ಅರಿಷಿಣ, ಸೋಯಾಬೀನ್ ತಳಿಗಳಿಗೆ ಹೆಸರಾದದ್ದು. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಅರಿಷಿಣ ಕ್ಯಾನ್ಸರನ್ನು ವಾಸಿ ಮಾಡುತ್ತದೆ ಎಂದು ನಂಬಿ ಆಪರೇಷನ್ನಿನ ತಾರೀಖು ತಪ್ಪಿಸಿಕೊಂಡರೆ ಅದು ಪ್ರಾಣಕ್ಕೆ ಕುತ್ತು. ಪ್ರಯೋಗಾಲಯದಲ್ಲಿ ಕಂಡ ಗುಣಗಳು ರೋಗಿಯಲ್ಲಿ ಗೆಡ್ಡೆ ಕರಗಿಸುತ್ತವೆ ಎಂಬುದು ಸಾಬೀತಾಗಿಲ್ಲ. ಆದರೆ ಅತ್ತೆಯ ಎದೆಯ ಹುಣ್ಣಿಗೆ ಅರಿಷಿಣ ಹಚ್ಚುವ ಸೊಸೆಯನ್ನು ಬೈದು ಫಲವೇನು? ಮನೆ ತುಂಬಿದ ಆ ವಾಸನೆಗೆ ನಾಚಿ ನೆಂಟರು ಬರುವುದೇ ನಿಂತಿರುತ್ತದೆ. ಆಕೆ ತನಗೆ ಗೊತ್ತಿದ್ದುದನ್ನು ಮಾಡುತ್ತಿದ್ದಾಳೆ. ವೈದ್ಯರ ಸಲಹೆಯಂತೆ ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಅರೆದು ಹುಣ್ಣಿನ ಮೇಲೆ ಉದುರಿಸಿದರೆ ವಾಸನೆ ತಗ್ಗುತ್ತದೆ ಎಂದು ಕಲಿಸಿದರೆ, ಆ ಮನೆಯ ಬಾಗಿಲು ಮತ್ತೆ ತೆರೆದೀತು.

"ಅಪ್ಪಗ ಹೇಳಬ್ಯಾಡ್ರಿ ಡಾಕ್ಟರ್ರ, ಎದಿ ಒಡಕೊಂಡಾನು." ವಾರ್ಡಿನ ಹೊರಗೆ ಮಗ ಹೇಳುವ ಮಾತಿದು. ಒಳಗೆ ಅಪ್ಪ ಹೆಚ್ಚಾಗಿ ಎಲ್ಲವನ್ನೂ ಊಹಿಸಿರುತ್ತಾನೆ, ಮಗ ನೊಂದಾನು ಎಂದು ತಾನೂ ಸುಮ್ಮನಿರುತ್ತಾನೆ. ರೋಗಿಗೆ ಎಲ್ಲವನ್ನೂ ನೇರವಾಗಿ ಹೇಳಿಬಿಡಬೇಕು ಎಂಬ ಹಟವೂ ಬೇಡ, ಮನೆಯವರ ಮಾತಿಗೆ ಕಟ್ಟುಬೀಳುವುದೂ ಬೇಡ. "ನಿಮ್ಮ ಬ್ಯಾನಿ ಬಗ್ಗೆ ನಿಮಗ ಎಷ್ಟು ತಿಳೀಬೇಕು ಅನಸ್ತೈತಿ? ಯಾರ ಮುಂದ ಹೇಳಲಿ?" ಎಂದು ರೋಗಿಯನ್ನೇ ಕೇಳಬೇಕು. ಅದನ್ನು ಅವನ ಭಾಷೆಯಲ್ಲೇ ಕೇಳಬೇಕು. ಮರಾಠಿ ಬಾರದ ಅಜ್ಜಿಗೆ ಹನ್ನೆರಡು ವರ್ಷದ ಮೊಮ್ಮಗಳು ದುಭಾಷಿಯಾಗಿ ನಿಂತು ಸಾವಿನ ಸುದ್ದಿ ಹೇಳುವಂತಾಗಬಾರದು.

ಇನ್ನು ಸಲ್ಲೇಖನ, ಅಂದರೆ ಅನ್ನ ನೀರು ತೊರೆದು ದೇಹ ಬಿಡುವ ಜೈನ ವ್ರತ. ಬೆಳಗಾವಿ ಜಿಲ್ಲೆಯ ಭೋಜದ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅದರ ನೆನಪು ಈ ಸೀಮೆಯಲ್ಲಿ ಹಸಿರಾಗಿದೆ. ರಾಜಸ್ಥಾನ ಹೈಕೋರ್ಟ್ 2015ರಲ್ಲಿ ಈ ವ್ರತವನ್ನು ಅಪರಾಧವೆಂದಿತು, ಅದೇ ವರ್ಷದ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕ್ಯಾನ್ಸರ್ ರೋಗಿಯೊಬ್ಬರು ಈ ವ್ರತದ ಮಾತೆತ್ತಿದರೆ ಮೊದಲು ನೋವು ತಗ್ಗಿಸಬೇಕು, ಆಮೇಲೆ ಮಾತು ಕೇಳಬೇಕು. ತಾಳಲಾರದ ನೋವಿನಲ್ಲಿ ಹೊರಟ ಮಾತನ್ನು ವ್ರತವೆಂದು ಬಗೆಯುವುದು ಧರ್ಮಕ್ಕೂ ವೈದ್ಯಕ್ಕೂ ಅನ್ಯಾಯ.

ಗುಣವಾಗದ ರೋಗಿಯ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಷಯದಲ್ಲಿ ಕಾನೂನು ಈಗ ಅಷ್ಟು ಬಿಗಿಯಾಗಿಲ್ಲ. 1973ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೆ ತುತ್ತಾಗಿ ಮತ್ತೆ ಚೇತರಿಸಿಕೊಳ್ಳದ, ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗರನ್ನು ಅಲ್ಲಿನ ನರ್ಸ್‌ಗಳು 2015ರವರೆಗೆ ಸಾಕಿದರು. ಅವರ ಪ್ರಕರಣದಲ್ಲಿ 2011ರಲ್ಲಿ ಈ ಬಗ್ಗೆ ಸುಪ್ರೀಂ ಕೋರ್ಟಿನ ಮೊದಲ ದೊಡ್ಡ ತೀರ್ಪು ಬಂತು. 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನೂ, ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರವನ್ನೂ ಕೋರ್ಟು ಒಪ್ಪಿತು. 2023ರಲ್ಲಿ ಅದರ ವಿಧಾನ ಸರಳವಾಗಿ, ನೋಟರಿಯ ಎದುರು ಸಹಿ ಮಾಡಿದರೂ ಸಾಕಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಮಾರ್ಫಿನ್ ವಿಷಯ ಮಾತ್ರ ಇನ್ನೂ ಹೊಟ್ಟೆ ಉರಿಸುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶದಲ್ಲಿ, ಲ್ಯಾನ್ಸೆಟ್ ಆಯೋಗದ ಲೆಕ್ಕದಂತೆ ಬೇಕಾದ ಮಾರ್ಫಿನ್ನಿನ ಶೇ. 4ರಷ್ಟು ಮಾತ್ರ ರೋಗಿಗಳಿಗೆ ಸಿಗುತ್ತದೆ. 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಹಲವು ಪರವಾನಗಿಗಳ ಕಾಟ ತಪ್ಪಿಸಿ ದಾರಿ ಸಲೀಸು ಮಾಡಿದೆ. ಈಗ ಉಳಿದಿರುವುದು ಹಳೆಯ ಹೆದರಿಕೆ.

ಮಾಡಿ ತೋರಿಸಿದವರಿದ್ದಾರೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ, ನೋವು ತಗ್ಗಿಸುವ ಆರೈಕೆಯ ಕೆಲಸ ಊರಿನ ಸ್ವಯಂಸೇವಕರ ಕೈಗೆ ಬಂದು, ಕೇರಳ 2008ರಲ್ಲಿ ಉಪಶಮನ ಆರೈಕೆಗೆ ನೀತಿಯನ್ನೇ ರೂಪಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಜತ್ತದಿಂದಾಗಲಿ ಅಥಣಿಯಿಂದಾಗಲಿ ಬೆಂಗಳೂರು ಬಲು ದೂರ. ರೋಗಿಯ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಹೆಂಡತಿ, ಮಗಳು, ಸೊಸೆ ಕೂಲಿ ಬಿಟ್ಟು ಬಂದವರು. ಅವರಿಗೆ ಊಟ, ನಿದ್ದೆ, ಒಂದು ಫೋನ್ ನಂಬರು ಇಲ್ಲೇ ಸಿಗಬೇಕು.

ಆದ್ದರಿಂದ ಈ ಮೂರು ಜಿಲ್ಲೆ, ಎರಡು ರಾಜ್ಯದ ವೈದ್ಯರಲ್ಲಿ, ನರ್ಸ್‌ಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಬೇಡಿಕೆ ಇಷ್ಟೇ. ಕೇಸ್ ಪೇಪರಿನಲ್ಲಿ ರಕ್ತದೊತ್ತಡದ ಪಕ್ಕದಲ್ಲೇ ರೋಗಿಯ ಭಾಷೆ, ಊಟದ ನೇಮ, ಸುದ್ದಿ ಯಾರಿಗೆ ಹೇಳಬೇಕು, ಕೊನೆಯ ದಿನಗಳನ್ನು ಎಲ್ಲಿ ಕಳೆಯಬೇಕು ಎಂಬುದನ್ನು ಬರೆದುಕೊಳ್ಳಿ. ಮನೆಗೆ ಹೊರಟವರ ಕೈಗೆ ಮಾರ್ಫಿನ್, ಅದರ ಜೊತೆ ಮಲಬದ್ಧತೆ ತಡೆಯುವ ಮಾತ್ರೆ, ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಚೀಟಿ ಕೊಡಿ. ಸಂಜೆಯೊಳಗೆ ಈ ಗೋಷ್ಠಿ ಆ ಚೀಟಿಯ ಕರಡನ್ನು ಸಿದ್ಧಮಾಡಲಿ.