ಮಧ್ಯಮದಿಂದ ಪಂಚಮಕ್ಕೆ

ಬಾನ್ಸುರಿಯಲ್ಲಿ ಯಮನ್ ಕಲಿಯುತ್ತಿದ್ದೀರಾ? ತೀವ್ರ ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ ಸ್ವರ ಕೀರಲಾಗುತ್ತದೆ, ಅಲ್ಲವೇ? ಮಧ್ಯಮಕ್ಕೆ ಆರೂ ರಂಧ್ರ ತೆರೆದಿರುತ್ತವೆ, ಪಂಚಮಕ್ಕೆ ಆರೂ ಮುಚ್ಚಬೇಕು. ಉಸಿರೂ ಅದೇ ಕ್ಷಣ ಬಿಗಿಯಾಗಬೇಕು. ಒಂದು ಬೆರಳು ತಡವಾದರೂ ಕೆಟ್ಟಿತು! ಇದನ್ನು ಸುಲಭ ಮಾಡಲೆಂದೇ ಪನ್ನಾಲಾಲ್ ಘೋಷ್ (1911-1960) ಏಳನೆಯ ರಂಧ್ರ ಸೇರಿಸಿದರು ಎನ್ನುತ್ತಾರೆ.

ಇಡೀ ಬಂದಿಶನ್ನು ಮೊದಲಿನಿಂದ ನುಡಿಸುತ್ತ ಕೂರಬೇಡಿ. ಆ ಎರಡೇ ಸ್ವರ ಹಿಡಿಯಿರಿ. ಮೊದಲು ಊದದೆ, ಬೆರಳುಗಳಷ್ಟೇ ಒಟ್ಟಿಗೆ ಬೀಳಲಿ (ಫ್ಲ್ಯಾಟಿನ ನೆರೆಯವರಿಗೂ ನೆಮ್ಮದಿ). ಆಮೇಲೆ ಬೆರಳೆತ್ತದೆ, ಉಸಿರಿನಿಂದಲೇ ಪಂಚಮವನ್ನು ಮಂದ್ರದಿಂದ ಮಧ್ಯ ಸಪ್ತಕಕ್ಕೆ ಏರಿಸಿ. ಇವೆರಡೂ ಪಳಗಿದ ಮೇಲೆ ನಿಧಾನವಾಗಿ ಜೋಡಿಸಿ. ಒಮ್ಮೆ ಮಧ್ಯಮ ದೀರ್ಘ, ಇನ್ನೊಮ್ಮೆ ಪಂಚಮ ದೀರ್ಘ. ಸತತ ಐದು ಸಲ ಶುದ್ಧವಾಗಿ ಬಂದರೆ ಹಿಂದಿನ ಗಾಂಧಾರ ಸೇರಿಸಿ. ಲಯ ಏರಿಸುವುದು ನಾಳೆ.