ಒಡವೆಯ ಹಿಂದಿನ ಮಣ್ಣು



ಒಡವೆಗೂ ಪರಿಸರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗೆ ಈ ಪ್ರಶ್ನೆ ಹಾಕಿದವಳು ಹೊಸದುರ್ಗದಲ್ಲಿ ಪಿಯುಸಿ ಓದುತ್ತಿದ್ದ ನನ್ನ ಅಕ್ಕನ ಮಗಳು. ಅಜ್ಜಿಯ ಅಡ್ಡಿಕೆ ಹಳೇ ಕಾಲದ್ದಾಯಿತು, ಅದನ್ನು ಕೊಟ್ಟು ಹೊಸ ಸರ ತರೋಣ ಎಂದು ಮನೆಯಲ್ಲಿ ಮಾತು ನಡೆದಿತ್ತು. "ಮಾವ, ನೀವು ಸೈನ್ಸ್ ಓದಿದವರು. ಚಿನ್ನ ತುಕ್ಕು ಹಿಡಿಯೋಲ್ಲ, ಹೊಗೆ ಬಿಡೋಲ್ಲ. ಇದರಲ್ಲಿ ಪರಿಸರದ ಮಾತೇನು ಬಂತು?" ಎಂದಳು. ಆ ದಿನ ನಾನು ಕೊಟ್ಟದ್ದು ಅರ್ಧ ಉತ್ತರ. ಪೂರ್ತಿ ಉತ್ತರ ಇಂದು ನಿಮ್ಮ ಮುಂದಿದೆ.

ಅವಳ ಮಾತು ನಿಜ. ಮೈಮೇಲಿನ ಚಿನ್ನ ಯಾರಿಗೂ ಕೇಡು ಮಾಡದು. ತೊಂದರೆ ಇರುವುದು ಅದನ್ನು ನೆಲದಿಂದ ತೆಗೆಯುವುದರಲ್ಲಿ. ಒಂದು ಟನ್ ಅದಿರಿನಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವೇ ಗ್ರಾಂ ಚಿನ್ನ. ಟನ್ನಿಗೆ 4 ಗ್ರಾಂ ಎಂದು ಹಿಡಿಯೋಣ. 20 ಗ್ರಾಂ ಸರಕ್ಕೆ 5 ಟನ್ ಕಲ್ಲು ಬೇಕಾಯಿತು! ಅದನ್ನೆಲ್ಲ ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ಕಲಸುತ್ತಾರೆ. ಚಿನ್ನ ಕರಗಿ ದ್ರಾವಣಕ್ಕೆ ಬರುತ್ತದೆ, ಕಲ್ಲಿನ ಪುಡಿ ಹಿಂದೆ ಉಳಿಯುತ್ತದೆ. 1887ರಲ್ಲಿ ಕಂಡುಹಿಡಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಉಳಿದ ಪುಡಿ ಎಲ್ಲಿಗೆ ಹೋಗುತ್ತದೆ? ಕೋಲಾರದ ಚಿನ್ನದ ಗಣಿಗೆ ಹೋದರೆ ಕಣ್ಣಿಗೇ ಕಾಣುತ್ತದೆ. 1880ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ನಡೆದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿನವರು ಸೈನೈಡ್ ದಿಬ್ಬಗಳೆಂದು ಕರೆಯುವ ಪುಡಿಯ ಗುಡ್ಡಗಳು ಮಾತ್ರ ಹಾಗೆಯೇ ನಿಂತಿವೆ. ಗಾಳಿ ಬೀಸಿದರೆ ಧೂಳು ಊರೊಳಗೆ ಬರುತ್ತದೆ. ಗಣಿಯ ಧೂಳು ಎಂದರೇನೆಂದು ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅದಿರಿನ ಲಾರಿಗಳನ್ನು ಅವರು ನೋಡಿಯೇ ಬೆಳೆದವರು. 2000ದ ಜನವರಿ 30ರಂದು ರುಮೇನಿಯದಲ್ಲಿ ಇಂಥದೇ ತ್ಯಾಜ್ಯದ ಕಟ್ಟೆಯೊಡೆದು ಸೈನೈಡ್ ನೀರು ತೀಸಾ ನದಿ ಸೇರಿದಾಗ ಮೀನುಗಳು ರಾಶಿರಾಶಿಯಾಗಿ ಸತ್ತವು.

ಚಿನ್ನದ ಜೊತೆ ತಾಮ್ರದ ಮಾತೂ ಇದೆ. 22 ಕ್ಯಾರೆಟ್ ಎಂದರೆ 24 ಭಾಗಗಳಲ್ಲಿ 22 ಭಾಗ ಚಿನ್ನ. ಉಳಿದೆರಡು ಭಾಗ ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ನಡೆದಿತ್ತೆಂದು ನಿಮ್ಮ ಹಿರಿಯರು ಹೇಳಿಯಾರು. ತಾಮ್ರದ ಅದಿರಿನಲ್ಲಿ ಸಾಮಾನ್ಯವಾಗಿ ಗಂಧಕ ಇರುತ್ತದೆ. ಅಂಥ ಕಲ್ಲಿಗೆ ಗಾಳಿ, ನೀರು ತಗುಲಿದರೆ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ.

ಹಾಗಾದರೆ ನಕಲಿ ಒಡವೆ ಒಳ್ಳೆಯದೇ? ನಾನೂ ಹಾಗೆಯೇ ಅಂದುಕೊಂಡು ಹುಡುಗಿಗೆ ಒಂದು ಜೊತೆ ಅಗ್ಗದ ಓಲೆ ತಂದುಕೊಟ್ಟೆ. ಎರಡೇ ದಿನಕ್ಕೆ ಕಿವಿ ಕೆಂಪಾಗಿ ತುರಿಕೆ ಎದ್ದಿತು. ಅಗ್ಗದ ಲೋಹದಲ್ಲಿ ನಿಕ್ಕಲ್ ಇದ್ದರೆ ಕೆಲವರ ಚರ್ಮಕ್ಕೆ ಹೀಗಾಗುತ್ತದೆ. ಕೆಲವದರಲ್ಲಿ ಸೀಸ, ಕ್ಯಾಡ್ಮಿಯಂ ಕೂಡ ಇರುತ್ತವೆ. ಮೇಲಿನ ಲೇಪ ಹೋದ ಮೇಲೆ ಅದನ್ನು ಯಾರೂ ರಿಪೇರಿ ಮಾಡಿಸರು, ತಿಪ್ಪೆಗೆ ಹಾಕುತ್ತಾರೆ. ಸೈನ್ಸ್ ಓದಿಯೂ ನಾನು ಬೆಲೆಯನ್ನಷ್ಟೇ ನೋಡಿದ್ದೆ.

ನಮ್ಮ ಸುತ್ತಲೇ ಬೇರೆ ದಾರಿಗಳಿವೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ. ಉಜ್ಜಿ ನಯ ಮಾಡಿದರೆ ಅದು ಅಂದವಾದ ಓಲೆ, ಬಳೆಯಾಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಳೆಗಳಿವೆ. ಹಾಗೆಂದು ಗಿಡಮರದ್ದೆಲ್ಲ ನಿರಪಾಯವಲ್ಲ. ಅಕ್ಕಸಾಲಿಗರು ಹಿಂದೆ ತೂಕಕ್ಕೆ ಬಳಸುತ್ತಿದ್ದ ಗುಲಗಂಜಿಯ ಒಳಗೆ ಘೋರ ವಿಷವಿದೆ. ಅದನ್ನು ಕೊರೆದು ಪೋಣಿಸಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಹುಲಿಯುಗುರಿನ ಪದಕದ ಮಾತಂತೂ ಬೇಡವೇ ಬೇಡ. ಅದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. 2023ರ ಅಕ್ಟೋಬರಿನಲ್ಲಿ ಈ ಪದಕಗಳ ವಿಚಾರಣೆ ನಮ್ಮ ರಾಜ್ಯದಲ್ಲೆಲ್ಲ ಸುದ್ದಿಯಾಗಿತ್ತು.

ಚಿನ್ನವೇ ಬೇಕೆನ್ನುವವರು ಏನು ಮಾಡಬೇಕು? ಹಾಲ್‌ಮಾರ್ಕ್ ನೋಡಿ ಕೊಳ್ಳಿ. ಆದರೆ ಅದು ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಯಾವ ಗಣಿಯಿಂದ ಬಂತೆಂದು ಹೇಳದು. ಮನೆಯ ಹಳೆಯ ಚಿನ್ನವನ್ನು ಕರಗಿಸಿ ಮಾಡಿಸಿದರೆ ಹೊಸ ಗುಂಡಿ ತೋಡಬೇಕಾಗಿಲ್ಲ. ಜಗತ್ತಿಗೆ ವರ್ಷವರ್ಷ ಸಿಗುವ ಚಿನ್ನದಲ್ಲಿ ಸುಮಾರು ಕಾಲುಭಾಗ ಹೀಗೆ ಹಳೆಯದರಿಂದಲೇ ಬರುತ್ತದೆ. ಕರಗಿಸಿ ಶುದ್ಧಿ ಮಾಡಲು ನೈಟ್ರಿಕ್ ಆಮ್ಲ ಬೇಕಾಗಬಹುದು. ಆಗ ಏಳುವ ಕಂದು ಹೊಗೆ ಕೆಲಸಗಾರನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದ್ದರಿಂದ ಎಲ್ಲಕ್ಕಿಂತ ಮೇಲು, ಇದ್ದ ಒಡವೆಯನ್ನು ಇದ್ದಂತೆಯೇ ತೊಡುವುದು.

ನಮ್ಮ ಹುಡುಗಿಯ ಅಡ್ಡಿಕೆ ಏನಾಯಿತು ಎನ್ನುತ್ತೀರಾ? ಇಷ್ಟು ಹೇಳಿ ತೀರ್ಮಾನ ಅವಳಿಗೇ ಬಿಟ್ಟೆ. ಅಕ್ಕಸಾಲಿಗರ ಹತ್ತಿರ ಸವೆದ ಕೊಂಡಿಯನ್ನಷ್ಟೇ ಬದಲಾಯಿಸಿಕೊಂಡು ಬಂದಳು. ಐದು ಟನ್ ಕಲ್ಲು ನೆಲದಲ್ಲೇ ಉಳಿಯಿತು. ಅಜ್ಜಿಯ ಕೊರಳಿನದು ಮೊಮ್ಮಗಳ ಕೊರಳಿಗೆ ಬಂತು.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಂಥದೊಂದು ಇರಬಹುದು. ಅಂಗಡಿಗೆ ಹೋಗುವ ಮೊದಲು ಒಮ್ಮೆ ತೆರೆದು ನೋಡಿ.